ಡಿಜಿಟಲ್ ಸಹಿಯ ಪರಿಶೀಲನೆ: ಹಸಿರು ಗುರುತು, ಕೆಂಪು ಗುರುತು ಮತ್ತು ಪ್ರಶ್ನಾರ್ಥಕ ಚಿಹ್ನೆ

ಪ್ರಚಲಿತ ವಿಷಯ ವಿಶ್ಲೇಷಣೆ - ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ

ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ದಬ್ಬೇಘಟ್ಟವೂ ಒಂದು. ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಗೆ ಸೇರಿದ ಈ ಹೋಬಳಿಯ ಕುಟುಂಬಗಳಿಗೆ ಸರ್ಕಾರಿ ದಾಖಲೆಯ ಅಗತ್ಯ ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಬೀಳುತ್ತದೆ. ಬೆಂಬಲ ಬೆಲೆ ಯೋಜನೆಯಡಿ ಕೊಬ್ಬರಿ ಮಾರಲು ನೋಂದಾಯಿಸುವಾಗ ಜಮೀನಿನ ವಿವರ ಬೇಕು. ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. 2025ನೇ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲ್ ಒಂದಕ್ಕೆ 12,100 ರೂಪಾಯಿ ಬೆಂಬಲ ಬೆಲೆ ನಿಗದಿಪಡಿಸಿತ್ತು. ಮಾರುಕಟ್ಟೆಯ ದರ ಬೆಂಬಲ ಬೆಲೆಗಿಂತ ಕೆಳಗಿಳಿದ ವರ್ಷದಲ್ಲಿ, ದಾಖಲೆಯ ಗೊಂದಲದಿಂದ ನೋಂದಣಿಯ ಅವಧಿ ತಪ್ಪಿದ ರೈತರಿಗೆ ಆಗುವ ನಷ್ಟವನ್ನು ಲೆಕ್ಕ ಹಾಕುವುದು ಕಷ್ಟವಲ್ಲ.

ಈ ದಾಖಲೆಗಳಲ್ಲಿ ಇಂದು ಶಾಯಿಯ ಸಹಿ ಇರುವುದಿಲ್ಲ. ಅಧಿಕಾರಿಯ ಡಿಜಿಟಲ್ ಸಹಿ ಇರುತ್ತದೆ. ಅರ್ಜಿದಾರರೊಬ್ಬರು ಇಂತಹ ಪಿ.ಡಿ.ಎಫ್. ಕಡತವನ್ನು ಕಚೇರಿಯೊಂದಕ್ಕೆ ಒಪ್ಪಿಸಿದರೆನ್ನೋಣ. ಗಣಕಯಂತ್ರದಲ್ಲಿ ಅದನ್ನು ತೆರೆದಾಗ ಸಹಿಯ ಸ್ಥಳದಲ್ಲಿ ಹಳದಿ ಬಣ್ಣದ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. "ಇದು ನಕಲಿ ಇರಬಹುದು, ಹಸಿರು ಶಾಯಿಯಲ್ಲಿ ಸಹಿ ಮಾಡಿಸಿಕೊಂಡು ಬನ್ನಿ" ಎಂದು ಹೇಳಿ ಅವರನ್ನು ಹಿಂದಕ್ಕೆ ಕಳುಹಿಸಲಾಗುತ್ತದೆ. ಇನ್ನೊಂದು ಕಡೆ ಅದೇ ಚಿಹ್ನೆಯನ್ನು ಯಾರೂ ಗಮನಿಸುವುದಿಲ್ಲ. ದಾಖಲೆ ಹಾಗೆಯೇ ಸ್ವೀಕೃತವಾಗುತ್ತದೆ. ಮೊದಲನೆಯದರಿಂದ ಪ್ರಾಮಾಣಿಕ ಅರ್ಜಿದಾರರಿಗೆ ಅನ್ಯಾಯವಾಗುತ್ತದೆ, ಎರಡನೆಯದರಿಂದ ನಕಲಿ ದಾಖಲೆಗೆ ದಾರಿಯಾಗುತ್ತದೆ. ಎರಡೂ ಕಡೆ ಆಗಿರುವ ತಪ್ಪು ಒಂದೇ: "ಪರಿಶೀಲನೆ ಆಗಿಲ್ಲ" ಎಂಬ ಉತ್ತರವನ್ನು ಒಬ್ಬರು "ಅಲ್ಲ" ಎಂದೂ ಮತ್ತೊಬ್ಬರು "ಹೌದು" ಎಂದೂ ಓದಿಕೊಂಡಿದ್ದಾರೆ.

ಹಿನ್ನೆಲೆ

ಕೈಬರಹದ ಪಹಣಿಯ ಕಾಲದಲ್ಲಿ ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ ಭೂ ದಾಖಲೆಗಳು ಇರುತ್ತಿದ್ದವು. ದಾಖಲೆಯ ನೈಜತೆಗೆ ಇದ್ದ ಆಧಾರವೆಂದರೆ ಬರೆದವರ ಕೈಬರಹದ ಪರಿಚಯ, ಸಹಿ ಮತ್ತು ಮೊಹರು. ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ಖಾತೆದಾರರಿಗೆ ಸೇರಿದ 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. 2000ದ ದಶಕದ ಆರಂಭದಲ್ಲಿ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿ ಶುಲ್ಕಕ್ಕೆ ಗಣಕೀಕೃತ ಪಹಣಿ ದೊರೆಯತೊಡಗಿತು. ಮುಂದೆ ಜಾತಿ, ಆದಾಯ, ವಾಸಸ್ಥಳ ಮುಂತಾದ ಪ್ರಮಾಣಪತ್ರಗಳು ಹೋಬಳಿ ಮಟ್ಟದ ನಾಡಕಚೇರಿಗಳಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಲ್ಲಿ, ಡಿಜಿಟಲ್ ಸಹಿಯೊಂದಿಗೆ ವಿತರಣೆಯಾಗಲಾರಂಭಿಸಿದವು. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಯ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಆರಂಭವಾಗಿದೆ. ಹೀಗಾಗಿ ಡಿಜಿಟಲ್ ಸಹಿಯನ್ನು ಓದಲು ತಿಳಿದಿರುವುದು ಈಗ ಗಣಕ ತಜ್ಞರಿಗಷ್ಟೇ ಸೀಮಿತವಾದ ವಿಷಯವಾಗಿ ಉಳಿದಿಲ್ಲ.

ನಕಲಿ ದಾಖಲೆಯ ಸಮಸ್ಯೆಯಾದರೋ ಗಣಕಯಂತ್ರದೊಂದಿಗೆ ಬಂದುದಲ್ಲ. ರಾಜಮುದ್ರೆಯಿದ್ದ ತಾಮ್ರಪಟಗಳಲ್ಲಿಯೂ ಕೂಟಶಾಸನಗಳಿದ್ದವು. ಗಂಗರ ಹೆಸರಿನ ತಾಮ್ರಶಾಸನಗಳಲ್ಲಿ ಯಾವುವು ನೈಜ, ಯಾವುವು ಕೂಟ ಎಂಬ ಬಗ್ಗೆ ಬಿ.ಎಲ್. ರೈಸ್ ಮತ್ತು ಜೆ.ಎಫ್. ಫ್ಲೀಟ್ ಅವರ ನಡುವೆ ದೀರ್ಘ ವಿವಾದವೇ ನಡೆಯಿತು. ಅಂದು ಲಿಪಿಯ ಸ್ವರೂಪ ಮತ್ತು ಕಾಲಗಣನೆಯನ್ನು ತೂಗಿ ನೋಡಿ ನಿರ್ಣಯಿಸಬೇಕಾಗಿತ್ತು. ಡಿಜಿಟಲ್ ಸಹಿಯಲ್ಲಿ ಈ ಕೆಲಸವನ್ನು ಗಣಿತ ಮಾಡುತ್ತದೆ. ಆದರೆ ಗಣಿತ ಹೇಳಿದ ಉತ್ತರವನ್ನು ಸರಿಯಾಗಿ ಓದುವ ಹೊಣೆ ಮನುಷ್ಯರದ್ದೇ.

ಸಹಿ ಮತ್ತು ಪರಿಶೀಲನೆಯ ವಿಧಾನ

2000ನೇ ಇಸವಿ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 3ನೇ ಪ್ರಕರಣವು ಡಿಜಿಟಲ್ ಸಹಿಗೆ ಎರಡು ಅಂಗಗಳನ್ನು ಹೇಳಿದೆ: ಹ್ಯಾಶ್ ಕ್ರಿಯೆ ಮತ್ತು ಜೋಡಿ ಕೀಲಿಗಳ ಪದ್ಧತಿ.

ಹ್ಯಾಶ್ ಎಂಬುದು ಇಡೀ ದಾಖಲೆಯಿಂದ ಲೆಕ್ಕ ಹಾಕಿ ತೆಗೆದ ಒಂದು ಸಂಖ್ಯೆ. ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವ ಎಸ್‌ಎಚ್‌ಎ-256 ವಿಧಾನದಲ್ಲಿ ದಾಖಲೆ ಒಂದು ಪುಟದ್ದಿರಲಿ, ನೂರು ಪುಟದ್ದಿರಲಿ, ಬರುವ ಮೌಲ್ಯ 256 ಬಿಟ್‌ಗಳದ್ದೇ. ಪಹಣಿಯಲ್ಲಿರುವ 2 ಎಕರೆ 10 ಗುಂಟೆಯನ್ನು ಯಾರಾದರೂ 2 ಎಕರೆ 30 ಗುಂಟೆ ಎಂದು ತಿದ್ದಿದರೆ, ಬದಲಾದ ಅಂಕಿ ಒಂದೇ ಆದರೂ ಹ್ಯಾಶ್ ಮೌಲ್ಯ ಗುರುತೇ ಸಿಗದಂತೆ ಬದಲಾಗುತ್ತದೆ. ಅಧಿಕಾರಿಯು ತಮ್ಮ ಖಾಸಗಿ ಕೀಲಿಯನ್ನು ಬಳಸಿ ಈ ಮೌಲ್ಯಕ್ಕೆ ಸಹಿ ಮಾಡುತ್ತಾರೆ. ಕಚೇರಿಗಳಲ್ಲಿ ಡಾಂಗಲ್ ಎಂದು ಕರೆಯುವ ಪುಟ್ಟ ಸಾಧನದೊಳಗೆ ಈ ಕೀಲಿ ಇರುತ್ತದೆ. ಇದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿಯಿಂದ ಸಹಿಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಅದರಿಂದ ಸಹಿ ಮಾಡಲು ಮಾತ್ರ ಸಾಧ್ಯವಿಲ್ಲ. ಜೋಡಿ ಕೀಲಿಗಳ ಈ ಕಲ್ಪನೆಯನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಪ್ರಕಟಿಸಿದರು. ಅದನ್ನು ಕಾರ್ಯರೂಪಕ್ಕೆ ತಂದ ಆರ್‌ಎಸ್‌ಎ ಪದ್ಧತಿ ಮರುವರ್ಷ ರೂಪುಗೊಂಡಿತು.

ಪರಿಶೀಲನೆಯ ಲೆಕ್ಕವನ್ನು ಪ್ರತಿಯೊಂದು ಕಚೇರಿಯೂ ಹೊಸದಾಗಿ ಬರೆಯುವುದಿಲ್ಲ. ಓಪನ್‌ಎಸ್‌ಎಸ್‌ಎಲ್, ಬೌನ್ಸಿ ಕ್ಯಾಸಲ್, ಪೈಥಾನ್ ಭಾಷೆಯ ಕ್ರಿಪ್ಟೋಗ್ರಫಿ ಮುಂತಾದ ಸಿದ್ಧ ತಂತ್ರಾಂಶ ಲೈಬ್ರರಿಗಳಿವೆ. ಜಾಲತಾಣವಾಗಲಿ, ಮೊಬೈಲ್ ಆ್ಯಪ್ ಆಗಲಿ, ಇಂತಹ ಲೈಬ್ರರಿಗೆ ನಾಲ್ಕು ವಿಷಯಗಳನ್ನು ಒಪ್ಪಿಸುತ್ತದೆ: ದಾಖಲೆ, ಸಹಿ, ಸಾರ್ವಜನಿಕ ಕೀಲಿ ಮತ್ತು ಬಳಸಿದ ವಿಧಾನದ ಹೆಸರು. ಲೈಬ್ರರಿಯು ದಾಖಲೆಯ ಹ್ಯಾಶ್ ಮೌಲ್ಯವನ್ನು ಮತ್ತೆ ಲೆಕ್ಕ ಹಾಕಿ, ಸಹಿಯು ಅದಕ್ಕೆ ಹೊಂದುತ್ತದೆಯೇ ಎಂದು ತಿಳಿಸುತ್ತದೆ.

ಮೂರು ಉತ್ತರಗಳು

ಈ ಉತ್ತರ "ಹೌದು" ಅಥವಾ "ಅಲ್ಲ" ಎಂಬ ಎರಡರಲ್ಲಿ ಒಂದು ಎಂದು ಭಾವಿಸುವುದು ಸಹಜ. ಓಪನ್‌ಎಸ್‌ಎಸ್‌ಎಲ್‌ನ ಪರಿಶೀಲನಾ ಕ್ರಿಯೆಯಾದರೋ ಮೂರು ಬಗೆಯ ಉತ್ತರ ಕೊಡುತ್ತದೆ. ಸಹಿ ಸರಿಯಿದ್ದರೆ 1, ಸರಿಯಿಲ್ಲದಿದ್ದರೆ 0, ಪರಿಶೀಲನೆಯೇ ನಡೆಯದಂತಹ ದೋಷವಿದ್ದರೆ ಸೊನ್ನೆಗಿಂತ ಕಡಿಮೆಯ ಸಂಖ್ಯೆ. ಆದರೆ ಸಿ ಭಾಷೆಯಲ್ಲಿ ಸೊನ್ನೆಯಲ್ಲದ ಯಾವುದೇ ಸಂಖ್ಯೆಯೂ "ಹೌದು" ಎಂದೇ ಎಣಿಕೆಯಾಗುತ್ತದೆ. ಆದ್ದರಿಂದ "ಉತ್ತರ ಸೊನ್ನೆಯೇ?" ಎಂದಷ್ಟೇ ಕೇಳಿಕೊಂಡ ಕ್ರಮವಿಧಿಗಳು, ಬೇಕೆಂದೇ ಕೆಡಿಸಿದ ಸಹಿಯನ್ನು ಸರಿಯಾದ ಸಹಿಯೆಂದು ಒಪ್ಪಿಕೊಂಡವು. 2009ರ ಜನವರಿಯಲ್ಲಿ ಈ ದೋಷ ಪ್ರಕಟವಾದಾಗ ತಿಳಿದುಬಂದುದೇನೆಂದರೆ, ತಪ್ಪು ಹೊರಗಿನವರದಷ್ಟೇ ಆಗಿರಲಿಲ್ಲ. ಓಪನ್‌ಎಸ್‌ಎಸ್‌ಎಲ್‌ನ ಒಳಗೇ ಕೆಲವು ಕಡೆ ಇದೇ ತಪ್ಪು ನಡೆದಿತ್ತು. ಅಂತರಜಾಲದ ಹೆಸರುಗಳನ್ನು ಹುಡುಕಿಕೊಡುವ ಬೈಂಡ್, ಗಣಕಯಂತ್ರಗಳ ಗಡಿಯಾರ ಹೊಂದಿಸುವ ಎನ್‌ಟಿಪಿ ತಂತ್ರಾಂಶಗಳಿಗೂ ಪರಿಷ್ಕರಣೆ ಹೊರಡಿಸಬೇಕಾಯಿತು. ಕಚೇರಿಯ ಮೇಜಿನ ಮೇಲೆ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸದೆ ದಾಖಲೆ ಸ್ವೀಕರಿಸುವುದೂ, ಋಣ ಸಂಖ್ಯೆಯನ್ನು "ಹೌದು" ಎಂದು ಓದಿದ ಆ ಕ್ರಮವಿಧಿಯೂ ಸ್ವಭಾವದಲ್ಲಿ ಒಂದೇ.

ಪೈಥಾನ್‌ನ ಕ್ರಿಪ್ಟೋಗ್ರಫಿ ಲೈಬ್ರರಿಯು ಬೇರೆ ದಾರಿ ಹಿಡಿದಿದೆ. ಸಹಿ ಸರಿಯಿದ್ದರೆ ಅದು ಏನನ್ನೂ ಹೇಳುವುದಿಲ್ಲ, ಸರಿಯಿಲ್ಲದಿದ್ದರೆ ಕ್ರಮವಿಧಿಯನ್ನೇ ತಡೆದು ನಿಲ್ಲಿಸುತ್ತದೆ. ಉತ್ತರವನ್ನು ತಪ್ಪಾಗಿ ಓದುವ ಅವಕಾಶ ಇಲ್ಲಿ ಕಡಿಮೆ. ಈ ಕ್ರಮವೇ ಮೇಲೆಂದು ತೋರುತ್ತದೆ. ಹಾಗೆಂದು ಲೈಬ್ರರಿಗಳು ತಪ್ಪು ಮಾಡುವುದಿಲ್ಲವೆಂದಲ್ಲ. ಜಾವಾದ 15ರಿಂದ 18ರವರೆಗಿನ ಆವೃತ್ತಿಗಳಲ್ಲಿ, ಒಂದು ಬಗೆಯ ಸಹಿಯ ಎರಡೂ ಸಂಖ್ಯೆಗಳು ಸೊನ್ನೆಯಾಗಿದ್ದರೆ ಯಾವ ದಾಖಲೆಗಾದರೂ ಅದು ಸರಿಯಾದ ಸಹಿ ಎಂಬ ಉತ್ತರ ಬರುತ್ತಿತ್ತು. ಖಾಲಿ ಕಾಗದವನ್ನು ಸಹಿಯೆಂದು ಒಪ್ಪಿದಂತೆ. 2022ರ ಏಪ್ರಿಲ್‌ನಲ್ಲಿ ಇದನ್ನು ಸರಿಪಡಿಸಲಾಯಿತು. 2019ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು 22 ಪಿ.ಡಿ.ಎಫ್. ತಂತ್ರಾಂಶಗಳನ್ನು ಪರೀಕ್ಷಿಸಿದಾಗ 21ರಲ್ಲಿ, ತಿದ್ದಿದ ದಾಖಲೆಗೂ ಸಹಿ ಸರಿಯಿದೆ ಎಂದು ತೋರುವಂತೆ ಮಾಡಲು ಸಾಧ್ಯವಾಯಿತು. ಸೈಬರ್ ಕೇಂದ್ರ, ಗ್ರಾಮ ಒನ್ ಕೇಂದ್ರ ಅಥವಾ ಕಚೇರಿಯ ಗಣಕಯಂತ್ರದಲ್ಲಿ ವರ್ಷಗಟ್ಟಲೆ ಪರಿಷ್ಕರಿಸದ ತಂತ್ರಾಂಶವಿದ್ದರೆ ಅದು ತೋರುವ ಹಸಿರು ಗುರುತಿಗೂ ಪೂರ್ಣ ಬೆಲೆಯಿಲ್ಲ.

ಪ್ರಶ್ನಾರ್ಥಕ ಚಿಹ್ನೆಯ ಅರ್ಥ

ಜಾಲತಾಣದಿಂದ ಪಡೆದ ಇ-ಆಧಾರ್ ಪತ್ರವನ್ನು ತೆರೆದ ಬಹಳ ಜನರಿಗೆ ಈ ಚಿಹ್ನೆ ಪರಿಚಿತ. ಇದರ ಅರ್ಥ ಸಹಿ ತಪ್ಪೆಂದಲ್ಲ. ಸಹಿ ಮಾಡಿದವರು ಯಾರೆಂದು ಈ ಗಣಕಯಂತ್ರಕ್ಕೆ ಗುರುತಿಲ್ಲ ಎಂದಷ್ಟೇ.

ನಮ್ಮ ದೇಶದಲ್ಲಿ ಗುರುತಿನ ಸರಪಣಿ ಹೀಗಿದೆ. ಅಧಿಕಾರಿಯ ಸಾರ್ವಜನಿಕ ಕೀಲಿ ಇರುವ ಸಹಿ ಪ್ರಮಾಣಪತ್ರವನ್ನು ಪರವಾನಗಿ ಪಡೆದ ಪ್ರಮಾಣೀಕರಣ ಪ್ರಾಧಿಕಾರವೊಂದು ನೀಡುತ್ತದೆ. ಆ ಪ್ರಾಧಿಕಾರಕ್ಕೆ ಕೇಂದ್ರ ಸರ್ಕಾರದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಪರವಾನಗಿ ನೀಡಿರುತ್ತಾರೆ. ಸರಪಣಿಯ ಕೊನೆಯ ಕೊಂಡಿ ನಿಯಂತ್ರಕರ ಮೂಲ ಪ್ರಮಾಣಪತ್ರ. ಅದರ ಹೆಸರು "ಸಿಸಿಎ ಇಂಡಿಯಾ" ಎಂದು ಆರಂಭವಾಗಿ ಇಸವಿಯೊಂದಿಗೆ ಮುಗಿಯುತ್ತದೆ. ಈ ಮೂಲ ಪ್ರಮಾಣಪತ್ರವನ್ನು ಗಣಕಯಂತ್ರದ ತಂತ್ರಾಂಶವು ನಂಬಿಕೆಯ ಪಟ್ಟಿಯಲ್ಲಿ ಇಟ್ಟುಕೊಂಡಿರದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ.

ಇಲ್ಲಿ ಅರ್ಜಿದಾರರೂ ಕೇಂದ್ರಗಳ ನಿರ್ವಾಹಕರೂ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಸಹಿಯ ಮೇಲೆ ಒತ್ತಿ, ಪ್ರಮಾಣಪತ್ರವನ್ನು ತೆರೆದು, ನಂಬಿಕೆಯ ಪಟ್ಟಿಗೆ ಸೇರಿಸಿದರೆ ಚಿಹ್ನೆ ಹಸಿರಾಗುತ್ತದೆ ಎಂಬ ಉಪಾಯ ಈಗಾಗಲೇ ಎಲ್ಲೆಡೆ ಹಬ್ಬಿದೆ. ಉಪಾಯ ಸರಿಯೇ, ಆದರೆ ಒತ್ತುವ ಮುನ್ನ ಸರಪಣಿಯನ್ನು ಓದಬೇಕು. ಯಾರು ಬೇಕಾದರೂ ತಮ್ಮ ಗಣಕಯಂತ್ರದಲ್ಲಿ ಕೀಲಿಗಳನ್ನು ಸೃಷ್ಟಿಸಿ, "ಉಪ ತಹಸೀಲ್ದಾರ್" ಎಂಬ ಹೆಸರು ಕೊಟ್ಟು, ತಮಗೆ ತಾವೇ ಪ್ರಮಾಣಪತ್ರ ಬರೆದುಕೊಳ್ಳಬಹುದು. ಅಂತಹ ಸಹಿಗೂ ಮೊದಲು ಬರುವುದು ಇದೇ ಹಳದಿ ಚಿಹ್ನೆ. ನೋಡದೆ ನಂಬಿಕೆಯ ಪಟ್ಟಿಗೆ ಸೇರಿಸಿದರೆ ಅದೂ ಹಸಿರಾಗುತ್ತದೆ. ಸರಪಣಿಯ ತುದಿಯಲ್ಲಿ "ಸಿಸಿಎ ಇಂಡಿಯಾ" ಇಲ್ಲದಿದ್ದರೆ ಮುಂದುವರಿಯಬಾರದು. ಹೆಸರನ್ನೂ ಯಾರಾದರೂ ಅನುಕರಿಸಬಹುದಾದ ಕಾರಣ, ಮೂಲ ಪ್ರಮಾಣಪತ್ರವನ್ನು ನಿಯಂತ್ರಕರ ಅಧಿಕೃತ ಜಾಲತಾಣದಿಂದಲೇ ಪಡೆದು ಅಳವಡಿಸಿಕೊಳ್ಳುವುದು ಉತ್ತಮ. ಒಮ್ಮೆ ಹೀಗೆ ಮಾಡಿದ ಗಣಕಯಂತ್ರದಲ್ಲಿ, ಆ ಮೂಲದಡಿ ಬರುವ ಸಹಿಗಳಿಗೆ ಪ್ರತಿ ಬಾರಿ ಪ್ರತ್ಯೇಕವಾಗಿ ನಂಬಿಕೆ ಸೂಚಿಸಬೇಕಾಗಿಲ್ಲ.

ಸರಪಣಿಯ ನಡುವಿನ ಕೊಂಡಿಯೂ ಸಡಿಲವಾಗಬಹುದು. 2014ರ ಜುಲೈನಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣೀಕರಣ ಪ್ರಾಧಿಕಾರದಿಂದ ಗೂಗಲ್ ಸಂಸ್ಥೆಯ ಜಾಲತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿರುವುದು ಪತ್ತೆಯಾಯಿತು. ನಿಯಂತ್ರಕರು ಸದರಿ ಪ್ರಾಧಿಕಾರದ ಮಧ್ಯಂತರ ಪ್ರಮಾಣಪತ್ರಗಳನ್ನು ಕೂಡಲೇ ರದ್ದುಪಡಿಸಿದರು. ರದ್ದಾದ ಪ್ರಮಾಣಪತ್ರಗಳ ಪಟ್ಟಿಯನ್ನು ನೋಡಲು ಅಂತರಜಾಲ ಸಂಪರ್ಕ ಬೇಕು. ಸಂಪರ್ಕವಿಲ್ಲದ ಗಣಕಯಂತ್ರದಲ್ಲಿ ನಡೆಸಿದ ಪರಿಶೀಲನೆ ಅಷ್ಟರಮಟ್ಟಿಗೆ ಅಪೂರ್ಣ.

ಇನ್ನು ಅವಧಿಯ ವಿಷಯ. ಅಧಿಕಾರಿಯ ಸಹಿ ಪ್ರಮಾಣಪತ್ರ ಸಾಮಾನ್ಯವಾಗಿ 1ರಿಂದ 3 ವರ್ಷದ್ದು; ಅಧಿಕಾರಿಗೆ ವರ್ಗಾವಣೆಯೂ ಆಗಬಹುದು. ಸಹಿ ಮಾಡಿದ ದಿನ ಅದು ಚಾಲ್ತಿಯಲ್ಲಿದ್ದರೆ, ನಂತರ ಅವಧಿ ಮುಗಿದ ಮಾತ್ರಕ್ಕೆ ದಾಖಲೆ ನಕಲಿಯಾಗುವುದಿಲ್ಲ. ಹಿಂದಿನ ತಹಸೀಲ್ದಾರರು ಮಾಡಿದ ಶಾಯಿಯ ಸಹಿ ಅವರು ವರ್ಗವಾದ ಕಾರಣಕ್ಕೆ ಅಳಿಸಿಹೋಗುತ್ತಿರಲಿಲ್ಲವಷ್ಟೆ. ಆದಾಯ ಪ್ರಮಾಣಪತ್ರದ ಮಾನ್ಯತೆಯ ಅವಧಿ ಬೇರೆಯದು; ಅದನ್ನು ಪತ್ರದಲ್ಲಿಯೇ ನೋಡಿಕೊಳ್ಳತಕ್ಕದ್ದು.

ಮುದ್ರಿತ ಪ್ರತಿ, ಛಾಯಾಚಿತ್ರ ಮತ್ತು ಕಿರಿದುಗೊಳಿಸಿದ ಕಡತ

ಬಹಳಷ್ಟು ಅರ್ಜಿದಾರರಿಗೆ ತೊಂದರೆಯಾಗುವುದು ಇಲ್ಲಿಯೇ. ಡಿಜಿಟಲ್ ಸಹಿ ಇರುವುದು ಕಡತದೊಳಗೆ. ಕಾಗದಕ್ಕೆ ಮುದ್ರಿಸಿದಾಗ ಸಹಿಯ ಚಿತ್ರ ಮಾತ್ರ ಬರುತ್ತದೆ, ಸಹಿ ಬರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಡತವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಸಹಿ ಹಾಗೆಯೇ ಉಳಿಯುತ್ತದೆ. ಪರದೆಯ ಚಿತ್ರ ತೆಗೆದು ಕಳುಹಿಸಿದರೆ ಉಳಿಯುವುದಿಲ್ಲ. ಅರ್ಜಿ ಸಲ್ಲಿಸುವ ಜಾಲತಾಣಗಳು ಕಡತದ ಗಾತ್ರಕ್ಕೆ ಮಿತಿ ಹಾಕಿರುವುದರಿಂದ, ಸೈಬರ್ ಕೇಂದ್ರಗಳಲ್ಲಿ ಪಿ.ಡಿ.ಎಫ್. ಕಡತವನ್ನು ಕಿರಿದುಗೊಳಿಸುವುದು ಅಥವಾ ಮೂರು ದಾಖಲೆಗಳನ್ನು ಸೇರಿಸಿ ಒಂದು ಮಾಡುವುದು ವಾಡಿಕೆ. ಹೀಗೆ ಮಾಡಿದಾಗ ಕಡತದ ಒಳಗಿನ ಮಾಹಿತಿ ಬದಲಾಗಿ ಸಹಿ ಹೋಗುತ್ತದೆ ಅಥವಾ ಮುರಿಯುತ್ತದೆ. ತಿದ್ದುವ ಉದ್ದೇಶ ಯಾರಿಗೂ ಇರಲಿಲ್ಲವೆಂಬುದನ್ನು ಗಣಿತ ಅರಿಯದು. ಗಾತ್ರಕ್ಕೆ ಮಿತಿ ಹಾಕಿ, ನಂತರ ಸಹಿ ಕಾಣಿಸುತ್ತಿಲ್ಲವೆಂದು ಆಕ್ಷೇಪಿಸುವುದು ಅರ್ಜಿದಾರರಿಗೆ ಮಾಡುವ ಅನ್ಯಾಯ. ಮೂಲ ಕಡತವನ್ನು ಬದಲಾಯಿಸದೆ ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಸದ್ಯಕ್ಕೆ ಅರ್ಜಿದಾರರಿಗೆ ಉಳಿದಿರುವ ರಕ್ಷಣೆ.

ಮುದ್ರಿತ ಪ್ರತಿಗೆ ಬೇರೆ ದಾರಿಯಿದೆ. ನಾಡಕಚೇರಿಯ ಪ್ರಮಾಣಪತ್ರದ ಮೇಲೆ ಆರ್.ಡಿ. ಎಂದು ಆರಂಭವಾಗುವ ಸಂಖ್ಯೆಯಿರುತ್ತದೆ. ಅದನ್ನು ನಾಡಕಚೇರಿಯ ಜಾಲತಾಣದಲ್ಲಿ ನಮೂದಿಸಿದರೆ ಇಲಾಖೆಯ ದತ್ತಾಂಶದಲ್ಲಿರುವ ವಿವರ ಕಾಣುತ್ತದೆ. ಕೈಯಲ್ಲಿರುವ ಕಾಗದದ ಹೆಸರು, ಜಾತಿ, ವರಮಾನಗಳನ್ನು ಪರದೆಯ ಮೇಲಿನ ವಿವರಕ್ಕೆ ಒಂದೊಂದಾಗಿ ಹೋಲಿಸಿ ನೋಡಬೇಕು. ಸಂಖ್ಯೆ ಅಸ್ತಿತ್ವದಲ್ಲಿದೆ ಎಂದು ತಿಳಿದರೆ ಸಾಲದು. ಒಬ್ಬರ ನೈಜ ಸಂಖ್ಯೆಯನ್ನು ಮತ್ತೊಬ್ಬರ ಪತ್ರದ ಮೇಲೆ ಮುದ್ರಿಸುವುದು ಕಷ್ಟದ ಕೆಲಸವಲ್ಲ.

ಕ್ಯೂಆರ್ ಸಂಕೇತಗಳಲ್ಲಿಯೂ ಎರಡು ಬಗೆಗಳಿವೆ. ಕೆಲವು ಜಾಲತಾಣದ ವಿಳಾಸವನ್ನಷ್ಟೇ ಹೊಂದಿರುತ್ತವೆ. ಅಂತಹವನ್ನು ಸ್ಕ್ಯಾನ್ ಮಾಡಿದಾಗ ತೆರೆದ ವಿಳಾಸ ನಿಜವಾಗಿ ಸರ್ಕಾರದ್ದೇ ಎಂದು ನೋಡಬೇಕು. ಇಲಾಖೆಯ ಪುಟವನ್ನೇ ಹೋಲುವ ನಕಲಿ ಪುಟಕ್ಕೆ ಕೊಂಡೊಯ್ಯುವ ಸಂಕೇತವನ್ನು ಸಿದ್ಧಪಡಿಸುವುದು ಸುಲಭ. ಇನ್ನು ಕೆಲವು ಸಂಕೇತಗಳು ಮಾಹಿತಿಯನ್ನೂ ಸಹಿಯನ್ನೂ ತಮ್ಮೊಳಗೇ ಹೊತ್ತಿರುತ್ತವೆ. ಆಧಾರ್‌ನ ಸುರಕ್ಷಿತ ಕ್ಯೂಆರ್ ಸಂಕೇತದ ಕೊನೆಯ 256 ಬೈಟ್‌ಗಳು ವಿಶಿಷ್ಟ ಗುರುತಿನ ಪ್ರಾಧಿಕಾರದ ಸಹಿ. 2021ರ ಕೋವಿನ್ ಲಸಿಕೆ ಪ್ರಮಾಣಪತ್ರದಲ್ಲಿಯೂ ಸಹಿ ಸಂಕೇತದೊಳಗೇ ಇತ್ತು. ಇವನ್ನು ಅಂತರಜಾಲವಿಲ್ಲದೆಯೂ, ಮುದ್ರಿತ ಕಾಗದದಿಂದಲೂ ಪರಿಶೀಲಿಸಬಹುದು. ಸಂಪರ್ಕ ದುರ್ಬಲವಾಗಿರುವ ಗ್ರಾಮಗಳಿಗೆ ಈ ಎರಡನೆಯ ಬಗೆಯೇ ಹೆಚ್ಚು ಹೊಂದುತ್ತದೆ. ಸಾಮಾನ್ಯ ಪ್ರಮಾಣಪತ್ರಗಳಿಗೂ ಇದು ವಿಸ್ತರಣೆಯಾಗುವುದು ಅಪೇಕ್ಷಣೀಯ.

ಸಹಿಯು ಹೇಳದಿರುವ ವಿಷಯ

ಡಿಜಿಟಲ್ ಸಹಿ ಸರಿಯಿದೆ ಎಂದರೆ, ನಿರ್ದಿಷ್ಟ ಖಾಸಗಿ ಕೀಲಿಯಿಂದ ಸಹಿಯಾಗಿದೆ ಮತ್ತು ಆ ನಂತರ ದಾಖಲೆ ಬದಲಾಗಿಲ್ಲ ಎಂದು ಅರ್ಥ. ದಾಖಲೆಯಲ್ಲಿರುವುದೆಲ್ಲ ಸತ್ಯ ಎಂಬ ಅರ್ಥ ಅದಕ್ಕಿಲ್ಲ. ಪಹಣಿಯ 9ನೇ ಅಂಕಣದಲ್ಲಿ ಸ್ವಾಧೀನದಾರರ ತಂದೆಯ ಹೆಸರು ತಪ್ಪಾಗಿ ನಮೂದಾಗಿದ್ದರೆ, ಸಹಿಯು ಆ ತಪ್ಪನ್ನೂ ಅಷ್ಟೇ ಭದ್ರವಾಗಿ ಕಾಯುತ್ತದೆ. ಅದಕ್ಕೆ ತಿದ್ದುಪಡಿಯ ಅರ್ಜಿಯೇ ಮಾರ್ಗ. ಹಾಗೆಯೇ, ಡಾಂಗಲ್ ಅಧಿಕಾರಿಯ ಕೈಯಲ್ಲಿತ್ತೇ ಅಥವಾ ಗುಪ್ತಸಂಖ್ಯೆಯೊಂದಿಗೆ ಬೇರೆಯವರ ಮೇಜಿನ ಮೇಲಿತ್ತೇ ಎಂಬುದನ್ನೂ ಸಹಿ ಹೇಳುವುದಿಲ್ಲ. ಖಾಸಗಿ ಕೀಲಿಯ ನಿಯಂತ್ರಣವನ್ನು ತಾವೇ ಇಟ್ಟುಕೊಳ್ಳುವುದು, ಅದು ಕೈತಪ್ಪಿದರೆ ವಿಳಂಬವಿಲ್ಲದೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸುವುದು ಅಧಿನಿಯಮದ 42ನೇ ಪ್ರಕರಣದ ಪ್ರಕಾರ ಸಹಿದಾರರ ಕರ್ತವ್ಯ. ಕೆಲಸದ ಒತ್ತಡದಲ್ಲಿ ಡಾಂಗಲ್ ಅನ್ನು ನಿರ್ವಾಹಕರಿಗೆ ಒಪ್ಪಿಸುವುದು, ಖಾಲಿ ಹಾಳೆಗಳಿಗೆ ಸಹಿ ಹಾಕಿ ಇಟ್ಟುಹೋಗುವುದಕ್ಕಿಂತ ಭಿನ್ನವೇನಲ್ಲ.

ಅರ್ಜಿದಾರರ ಹಕ್ಕು ಎಷ್ಟರ ಮಟ್ಟಿಗೆ?

ಅಧಿನಿಯಮದ 5ನೇ ಪ್ರಕರಣವು ಡಿಜಿಟಲ್ ಸಹಿಗೆ ಕೈಸಹಿಯ ಸಮಾನ ಮಾನ್ಯತೆ ನೀಡಿದೆ. ಆದ್ದರಿಂದ "ಶಾಯಿಯ ಸಹಿ ಇಲ್ಲ" ಎಂಬ ಒಂದೇ ಕಾರಣಕ್ಕೆ ದಾಖಲೆಯನ್ನು ಅಮಾನ್ಯವೆನ್ನುವುದು ಸರಿಯಲ್ಲ. ಆದರೆ ವಿದ್ಯುನ್ಮಾನ ರೂಪದಲ್ಲಿಯೇ ಸ್ವೀಕರಿಸಬೇಕೆಂದು ಸರ್ಕಾರಿ ಕಚೇರಿಯನ್ನು ಒತ್ತಾಯಿಸುವ ಹಕ್ಕನ್ನು ಅದೇ ಅಧಿನಿಯಮ ಕೊಟ್ಟಿಲ್ಲ. 9ನೇ ಪ್ರಕರಣ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಮಾನ್ಯತೆ ಇದೆ, ಒತ್ತಾಯದ ಹಕ್ಕಿಲ್ಲ: ಈ ಎರಡರ ನಡುವಿನ ಸಂದಿಯಲ್ಲಿಯೇ ಹಸಿರು ಶಾಯಿಯ ಬೇಡಿಕೆ ಇಂದಿಗೂ ಉಳಿದುಕೊಂಡಿದೆ. 2017ರಲ್ಲಿ ತಿದ್ದುಪಡಿಯಾದ ಡಿಜಿಟಲ್ ಲಾಕರ್ ನಿಯಮಗಳು ಈ ಸಂದಿಯನ್ನು ಭಾಗಶಃ ಮುಚ್ಚಿವೆ. ಡಿಜಿಲಾಕರ್ ಮೂಲಕ ಇಲಾಖೆಯೇ ನೀಡಿದ ದಾಖಲೆಯನ್ನು ಮೂಲ ದಾಖಲೆಗೆ ಸಮಾನವಾಗಿ ಪರಿಗಣಿಸತಕ್ಕದ್ದು. ಅರ್ಜಿದಾರರು ತಾವೇ ಸ್ಕ್ಯಾನ್ ಮಾಡಿ ಲಾಕರ್‌ಗೆ ಸೇರಿಸಿದ ಪ್ರತಿಗೆ ಈ ಸ್ಥಾನವಿಲ್ಲ.

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಸಹಿಯ ಕಾರಣಕ್ಕೆ ದಾಖಲೆಯನ್ನು ಒಪ್ಪದಿದ್ದಲ್ಲಿ ಅರ್ಜಿದಾರರು ಹಿಂಬರಹ ಕೇಳಿ ಪಡೆಯಬಹುದು. ಆ ಹಿಂಬರಹದಲ್ಲಿ ಪರಿಶೀಲನೆಯ ಫಲಿತಾಂಶ ಮೂರರಲ್ಲಿ ಯಾವುದೆಂದು ಬರೆದಿರುವಂತೆ ಕೋರುವುದು ಸೂಕ್ತ: ಸಹಿ ಮುರಿದಿದೆಯೇ, ಸಹಿದಾರರ ಗುರುತು ದೃಢಪಟ್ಟಿಲ್ಲವೇ, ಅಥವಾ ಪರಿಶೀಲನೆಯನ್ನೇ ನಡೆಸಿಲ್ಲವೇ? ಮೊದಲನೆಯದಾದರೆ ನಾಡಕಚೇರಿ ಅಥವಾ ಭೂಮಿ ಕೇಂದ್ರದಿಂದ ಹೊಸ ಪ್ರತಿ ಪಡೆಯಬೇಕಾಗುತ್ತದೆ. ಎರಡನೆಯದಕ್ಕೆ ಕಚೇರಿಯ ಗಣಕಯಂತ್ರದಲ್ಲಿ ನಿಯಂತ್ರಕರ ಮೂಲ ಪ್ರಮಾಣಪತ್ರವನ್ನು ಅಳವಡಿಸುವುದು ಪರಿಹಾರ. ಮೂರನೆಯದಕ್ಕೆ, ಆರ್.ಡಿ. ಸಂಖ್ಯೆಯಿರುವ ದಾಖಲೆಯಾದರೆ, ಅಲ್ಲಿಯೇ ಅರ್ಜಿದಾರರ ಎದುರಿನಲ್ಲಿ ಸಂಖ್ಯೆಯನ್ನು ನಮೂದಿಸಿ ನೋಡಬಹುದು. ದಬ್ಬೇಘಟ್ಟದಿಂದ ತಾಲ್ಲೂಕು ಕೇಂದ್ರಕ್ಕೆ ಬಂದವರನ್ನು ಮತ್ತೊಂದು ದಿನಕ್ಕೆ ಹಿಂದಕ್ಕೆ ಕಳುಹಿಸುವ ಅಗತ್ಯ ಬೀಳುವುದಿಲ್ಲ.